ಉಪವಾಸವೂ ಅನ್ನದ್ವೇಷವೂ

ಬಾಗಲಕೋಟೆಯ ಸೀಮೆಯಲ್ಲಿ ಉಪವಾಸವನ್ನರಿಯದ ಮನೆ ವಿರಳ. ನಮ್ಮಲ್ಲಿ ಶಿವರಾತ್ರಿ, ಶ್ರಾವಣ ಸೋಮವಾರ. ಇಳಕಲ್ಲಿನ ಮುಸಲ್ಮಾನ ಸೋದರಿಯರಿಗೆ ರಮಜಾನ್. ಜೈನ ಶ್ರಾವಿಕೆಯರಿಗೆ ದಶಲಕ್ಷಣ ಪರ್ವ. ಹೊರನೋಟಕ್ಕೆ ಇವನ್ನೇ ಹೋಲುವ, ಆದರೆ ಇವಾವುದೂ ಅಲ್ಲದ ಒಂದು ವ್ಯಾಧಿಯುಂಟು. ಅನ್ನವನ್ನು ಕಂಡು ಅಂಜುವುದು, ಉಂಡುದನ್ನು ಗುಟ್ಟಾಗಿ ವಾಂತಿ ಮಾಡುವುದು, ಮಿತಿಮೀರಿ ತಿಂದು ಪರಿತಪಿಸುವುದು ಇದರ ರೂಪಗಳು. ವ್ರತದ ಮರೆಯಲ್ಲಿ ಇದು ಅಡಗಿದಾಗ ಮನೆಯವರು ಭಕ್ತಿಯೆಂದೇ ಭಾವಿಸಿ ಸುಮ್ಮನಿರುವ ಅಪಾಯವಿರುವುದರಿಂದ ಇವೆರಡರ ಭೇದವನ್ನು ವಿವೇಚಿಸುವುದು ಅವಶ್ಯ.

ಇಟಲಿಯ ಕ್ರೈಸ್ತ ಸಾಧ್ವಿ ಸಿಯೆನಾದ ಕ್ಯಾಥರೀನ್ ಆಹಾರವನ್ನು ತ್ಯಜಿಸುತ್ತ ಬಂದು 1380ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅದು ತಪಸ್ಸೋ ವ್ಯಾಧಿಯೋ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲಿ ಅನ್ನತ್ಯಾಗದ ವ್ಯಾಧಿಗೆ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರನ್ನಿತ್ತನು. 1990ರ ದಶಕದಲ್ಲಿ ಹಾಂಗ್‌ಕಾಂಗಿನ ಮನೋವೈದ್ಯ ಸಿಂಗ್ ಲೀ, ತಮ್ಮ ರೋಗಿಗಳಲ್ಲಿ ಅನೇಕರು ದಪ್ಪಗಾಗುವ ಭಯವನ್ನು ಹೇಳದೆ ಹೊಟ್ಟೆಯುಬ್ಬರವನ್ನೋ ಹಸಿವಿಲ್ಲದಿರುವುದನ್ನೋ ಕಾರಣವಾಗಿ ಹೇಳುತ್ತಿದ್ದುದನ್ನು ತೋರಿಸಿಕೊಟ್ಟರು. ವ್ಯಾಧಿಯು ಆಯಾ ಸಮಾಜಕ್ಕೆ ಒಪ್ಪಿತವಾದ ಕಾರಣವನ್ನೇ ಮುಂದೊಡ್ಡುತ್ತದೆ ಎಂದಾಯಿತು. ನಮ್ಮಲ್ಲಿ ಆ ಕಾರಣ ವ್ರತವಾಗಿರಬಹುದು.

ಧರ್ಮಗಳು ಉಪವಾಸಕ್ಕೆ ಆದಿಯನ್ನೂ ಅಂತ್ಯವನ್ನೂ ವಿಧಿಸಿವೆ. ಶಿವರಾತ್ರಿಗೆ ಮರುದಿನ ಪಾರಣೆಯುಂಟು. ರೋಜಾ ಸೂರ್ಯಾಸ್ತಕ್ಕೆ ಮುಗಿಯುತ್ತದೆ. ರೋಗಿಗಳಿಗೂ ಗರ್ಭಿಣಿಯರಿಗೂ ವಿನಾಯಿತಿಯಿದೆ. ಬಾದಾಮಿಯ ಬನಶಂಕರಿಯಂತೂ ಶಾಕಂಭರಿ. ಬರಗಾಲದಲ್ಲಿ ಕಾಯಿಪಲ್ಯೆಗಳನ್ನಿತ್ತು ಲೋಕವನ್ನು ಸಲಹಿದ ತಾಯಿ. ವ್ರತಸ್ಥೆಗೆ ಪಾರಣೆ ಸಂತೋಷದ ಸಮಯ, ರೋಗಿಗೆ ಅದೇ ಭಯದ ಸಮಯ. ಇದೇ ಮುಖ್ಯ ಭೇದ.

ದೇಹ ಕಂದಿದರೂ ಬೆಳಗಿದರೂ ತನಗೊಂದೇ ಎಂಬ ಅಕ್ಕಮಹಾದೇವಿಯ ಭಾವವನ್ನು ದೇಹದಂಡನೆಯ ವಿಧಿಯೆಂದು ಓದಲಾಗದು. ಹಸಿದಾಗ ಊರಿನಲ್ಲಿ ಭಿಕ್ಷೆಯುಂಟೆಂದು ನೆಮ್ಮದಿಯಿಂದಿದ್ದವಳೂ ಅವಳೇ. ಅಕ್ಕನದು ದೇಹಚಿಂತೆಯಿಂದ ಬಿಡುಗಡೆ. ಈ ರೋಗಿಯಾದರೋ ಹಗಲಿರುಳೂ ದೇಹಚಿಂತೆಯಲ್ಲೇ ಸೆರೆಯಾದವಳು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ದೇಹವನ್ನೇ ದೇಗುಲವೆಂದರು. ಅನ್ನವು ಪ್ರಸಾದವಾಗುವ ಮತದಲ್ಲಿ ಅನ್ನದ್ವೇಷಕ್ಕೆ ಆಧಾರವಿಲ್ಲ.

ಸೊರಗಿದ ಹೆಣ್ಣುಮಕ್ಕಳೆಲ್ಲರೂ ಈ ವ್ಯಾಧಿಗೆ ತುತ್ತಾದವರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಬಡತನವೂ, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ರೂಢಿಯೂ ಸ್ತ್ರೀಯರನ್ನು ಸೊರಗಿಸುತ್ತವೆ. ಆದರೆ ಮನೆಯಲ್ಲಿ ಅನ್ನವಿದ್ದೂ ಮಗಳು ಪಂಕ್ತಿಯನ್ನು ತಪ್ಪಿಸುತ್ತಿದ್ದರೆ, ವ್ರತಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತಿದ್ದರೆ, ತೂಕವಿಳಿದು ಮುಟ್ಟು ನಿಂತಿದ್ದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪ್ರಾಣಾಪಾಯವುಳ್ಳ ವ್ಯಾಧಿಯಿದು.

ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡತೊಡಗಿದರು. ಅನ್ನದ್ವೇಷವನ್ನಾದರೋ ಸಂಕಲ್ಪಮಾತ್ರದಿಂದ ಆ ಜೋಳಿಗೆಗೆ ಹಾಕಲಾಗದು. ಅದು ಚಟವಲ್ಲ, ರೋಗ. ಬೈಗುಳದಿಂದಲೂ ಬಲವಂತದ ತುತ್ತಿನಿಂದಲೂ ಅದು ವಾಸಿಯಾಗದು. ದೇಹವೈದ್ಯ, ಮನೋವೈದ್ಯ ಇಬ್ಬರ ಚಿಕಿತ್ಸೆಯೂ ಬೇಕು. ಸರಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ವ್ರತ ಕೈಗೊಂಡ ಮಗಳನ್ನು ಮೆಚ್ಚುವ ತಾಯಂದಿರು ಅವಳ ಪಾರಣೆಯನ್ನೂ ಕಣ್ಣಾರೆ ಕಾಣುವುದು ಲೇಸು.