ನೇಮಕಾತಿ ಪತ್ರದ ಎರಡನೆಯ ಪುಟ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಮಕ್ಕಳು ಬೆಂಗಳೂರು, ಪುಣೆ, ಗುರುಗ್ರಾಮಗಳ ದೊಡ್ಡ ಸಲಹಾ ಸಂಸ್ಥೆಗಳಲ್ಲಿ ಉದ್ಯೋಗ ಪಡೆಯುತ್ತಿರುವುದು ಹೆಮ್ಮೆಯ ಸಂಗತಿ. ಆದರೆ ನೇಮಕಾತಿ ಪತ್ರ ಹಿಡಿದು ನನ್ನ ಕಚೇರಿಗೆ ಬರುವ ತಂದೆತಾಯಂದಿರಲ್ಲಿ ಹೆಚ್ಚಿನವರು ಮೊದಲ ಪುಟದ ಸಂಬಳದ ಅಂಕಿಯನ್ನಷ್ಟೇ ಓದಿರುತ್ತಾರೆ. ಅವರ ಪ್ರಶ್ನೆಯೂ ಒಂದೇ: ಈ ಸಂಬಳದ ಮೇಲೆ ಮನೆ ಕಟ್ಟಲು ಎಷ್ಟು ಸಾಲ ಮಾಡಬಹುದು?

ಕಾರ್ಖಾನೆ ಸರಕನ್ನು ಮಾರುತ್ತದೆ. ಸಲಹಾ ಸಂಸ್ಥೆ ತನ್ನ ನೌಕರರ ಗಂಟೆಗಳನ್ನು ಮಾರುತ್ತದೆ. (ವಕೀಲರದೂ ಅದೇ ವ್ಯಾಪಾರವೆನ್ನುತ್ತಾರೆ. ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಗಂಟೆಗೆ ಬೆಲೆ ಕಟ್ಟುವ ಕಕ್ಷಿದಾರ ಇನ್ನೂ ಹುಟ್ಟಿಲ್ಲ!) ಮೆಕಿನ್ಸಿ 1926ರಲ್ಲಿ ಷಿಕಾಗೋದಲ್ಲಿ ಆರಂಭವಾಯಿತು. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿಗಳು ಲೆಕ್ಕಪರಿಶೋಧನೆಯಿಂದ ಬೆಳೆದು ಸಲಹೆಯ ಕ್ಷೇತ್ರಕ್ಕೆ ಬಂದವು. ಎಲ್ಲದರ ರಚನೆಯೂ ಗೋಪುರದಂತೆ: ತುದಿಯಲ್ಲಿ ಲಾಭ ಹಂಚಿಕೊಳ್ಳುವ ಕೆಲವೇ ಪಾಲುದಾರರು, ನಡುವೆ ಮ್ಯಾನೇಜರುಗಳು, ತಳದಲ್ಲಿ ನೂರಾರು ತರುಣರು.

ತಳದಲ್ಲಿದ್ದವನಿಗೆ ಲಾಭವೂ ಇದೆ. ಎರಡು ವರ್ಷಗಳಲ್ಲಿ ಒಂದು ಬ್ಯಾಂಕು, ಒಂದು ಆಸ್ಪತ್ರೆ, ಒಂದು ಸರಕಾರಿ ಇಲಾಖೆ ಹೇಗೆ ನಡೆಯುತ್ತವೆಂಬುದನ್ನು ಅವನು ಒಳಗಿನಿಂದ ನೋಡಬಲ್ಲ. ಇಂಗ್ಲಿಷಿನ ಅಳುಕು ಮೊದಲ ಕೆಲವು ತಿಂಗಳದ್ದು. ಆಮೇಲೆ ಎಣಿಕೆಗೆ ಬರುವುದು ಲೆಕ್ಕದ ಖಚಿತತೆ ಮತ್ತು ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳುವ ಶಕ್ತಿ. ಇವನ್ನು ಕನ್ನಡದಲ್ಲಿ ಕಲಿತವನಿಗೆ ಕೊರತೆಯೇನೂ ಇಲ್ಲ.

ಇಳಿತದ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡುವುದಿಲ್ಲ. ಹಲವು ಸಂಸ್ಥೆಗಳಲ್ಲಿ ‘ಏರು, ಇಲ್ಲವೇ ಹೊರಡು’ ಎಂಬುದೇ ಪದ್ಧತಿ. ನಿಗದಿತ ಅವಧಿಯಲ್ಲಿ ಮೇಲಿನ ಮೆಟ್ಟಿಲು ಹತ್ತದವನು ಬೇರೆ ದಾರಿ ನೋಡಿಕೊಳ್ಳಬೇಕು. ಗ್ರಾಹಕರ ಕೆಲಸವಿಲ್ಲದೆ ಕುಳಿತಿರುವುದನ್ನು ‘ಬೆಂಚ್’ ಎನ್ನುತ್ತಾರೆ. ತಿಂಗಳುಗಟ್ಟಲೆ ಬೆಂಚಿನಲ್ಲಿರುವವನಿಗೆ ನಿದ್ದೆ ಬಾರದು. ಕೆಲಸವಿದ್ದವನಿಗೆ ನಿದ್ದೆಗೆ ಸಮಯವಿಲ್ಲ. 2024ರ ಜುಲೈಯಲ್ಲಿ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ ಕೇರಳದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ಪುಣೆಯಲ್ಲಿ ತೀರಿಕೊಂಡಳು. ಕೆಲಸದ ಹೊರೆಯೇ ಕಾರಣವೆಂದು ಅವಳ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ದೇಶವೇ ಓದಿತು. ಸಂಸ್ಥೆ ಆ ಮಾತನ್ನು ಒಪ್ಪಲಿಲ್ಲ. ಮಹಾರಾಷ್ಟ್ರದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿ ಹೇಳುತ್ತದೆ. ಆದರೆ ಆಡಳಿತಾತ್ಮಕ ಹುದ್ದೆಯಲ್ಲಿರುವವರನ್ನು ಹೊರಗಿಡುತ್ತದೆ. ಮಗನಿಗೆ ‘ಮ್ಯಾನೇಜರ್’ ಎಂಬ ಪದನಾಮ ದೊರೆತಾಗ ಸಿಹಿ ಹಂಚುವವರು ಇದನ್ನೂ ತಿಳಿದಿರಲಿ.

ದೊಡ್ಡ ಹೆಸರೂ ಶಾಶ್ವತವಲ್ಲ. ಸುಮಾರು 85 ಸಾವಿರ ನೌಕರರಿದ್ದ ಆರ್ಥರ್ ಆಂಡರ್‌ಸನ್, ಎನ್ರಾನ್ ಹಗರಣದಿಂದಾಗಿ 2002ರಲ್ಲಿ ಕುಸಿಯಿತು. ಅದರ ಮೇಲಿನ ಶಿಕ್ಷಾತೀರ್ಪನ್ನು ಅಮೆರಿಕದ ಸುಪ್ರೀಂ ಕೋರ್ಟು 2005ರಲ್ಲಿ ರದ್ದುಗೊಳಿಸಿದಾಗ ಉಳಿಸಿಕೊಳ್ಳಲು ಸಂಸ್ಥೆಯೇ ಇರಲಿಲ್ಲ.

ಇನ್ನು ಎರಡನೆಯ ಪುಟ. ವಾರ್ಷಿಕ ಸಂಬಳವೆಂದು ತೋರಿಸಿದ ಅಂಕಿಯೊಳಗೆ ಸಂಸ್ಥೆಯ ಪಾಲಿನ ಭವಿಷ್ಯನಿಧಿ, ಖಚಿತವಲ್ಲದ ಬೋನಸ್, ಗ್ರಾಚ್ಯುಟಿ ಎಲ್ಲವೂ ಸೇರಿರಬಹುದು. ಖಾಯಂ ನೌಕರನಿಗೆ ಗ್ರಾಚ್ಯುಟಿಯ ಹಕ್ಕು ಬರುವುದು ಸಾಮಾನ್ಯವಾಗಿ ಐದು ವರ್ಷಗಳ ಸೇವೆಯ ಬಳಿಕ. ಮೂರನೆಯ ವರ್ಷ ಬಿಟ್ಟುಹೋದವನಿಗೆ ಅದು ಕಾಗದದ ಮೇಲಿನ ಹಣ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಸಂಸ್ಥೆಯನ್ನು ಸೇರಬಾರದೆಂಬ ಷರತ್ತಿಗೆ ಹೆದರಬೇಕಾಗಿಲ್ಲ, 1872ರ ಕರಾರು ಕಾಯಿದೆಯ 27ನೆಯ ಕಲಮಿನಂತೆ ಅದು ಊರ್ಜಿತವಲ್ಲ. ಆದರೆ ಇಷ್ಟು ವರ್ಷ ದುಡಿಯದಿದ್ದರೆ ಇಷ್ಟು ಹಣ ಕಟ್ಟಬೇಕೆಂಬ ಬಾಂಡನ್ನು ಹಗುರವಾಗಿ ಕಾಣುವಂತಿಲ್ಲ. ವಿಜಯ ಬ್ಯಾಂಕಿನ ಮೊಕದ್ದಮೆಯಲ್ಲಿ, ಮೂರು ವರ್ಷಕ್ಕೆ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ಸಾಲದ ಪ್ರಶ್ನೆಗೆ ನಾನು ಕೊಡುವ ಉತ್ತರವಿದು. ಪತ್ರದಲ್ಲಿರುವ ನೋಟೀಸಿನ ಅವಧಿ ಬಹುಮಟ್ಟಿಗೆ ಅರುವತ್ತೋ ತೊಂಬತ್ತೋ ದಿನ. ಮನೆಸಾಲದ ಕಂತು ಇಪ್ಪತ್ತು ವರ್ಷ. ಮೊದಲ ಎರಡು ವರ್ಷ ಕೈಗೆ ಬರುವ ಸಂಬಳವನ್ನು ನೋಡಿ, ಆರು ತಿಂಗಳ ಕಂತಿನಷ್ಟು ಹಣ ಬದಿಗಿಟ್ಟ ಮೇಲೆ ಬ್ಯಾಂಕಿಗೆ ಹೋಗಿ. ತಂದೆಯವರು ಸಹಸಾಲಗಾರರಾಗಿ ಸಹಿ ಹಾಕಿದ್ದರೆ, ಮಗನ ಕೆಲಸ ಹೋದ ತಿಂಗಳಿನಿಂದಲೇ ಬ್ಯಾಂಕು ಕಂತನ್ನು ಅವರಲ್ಲಿ ಕೇಳಬಹುದು.