ಹವಾ ಟಾಕಿಯ ಹೊಟ್ಟೆಯಲ್ಲಿ ನೀರು

ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 42 ಡಿಗ್ರಿ ದಾಟುವ ಯಾದಗಿರಿಯಲ್ಲಿ ತೊಳೆದ ಕಾರನ್ನು ಒಣಗಿಸಲು ಯಂತ್ರ ಬೇಕೇ ಎಂದು ಹೊರಗಿನವರು ನಗಬಹುದು. ಅಂಗಳಕ್ಕೆ ತಂದು ನಿಲ್ಲಿಸಿದರೆ ಸೂರ್ಯನೇ ಪುಕ್ಕಟೆಯಾಗಿ ಒಣಗಿಸಿಕೊಡುತ್ತಾನೆ. ಆದರೆ ಬಾನೆಟ್ಟಿನ ತುಂಬಾ ಬಿಳಿ ಕಲೆ ಮೂಡಿಸಿ ಕೊಡುತ್ತಾನೆ. ಇಲ್ಲಿನ ಬೋರ್‌ವೆಲ್ ನೀರು ಗಡಸು. ಬಿಸಿ ತಗಡಿನ ಮೇಲೆ ನೀರು ಆರಿದ್ದೇ ತಡ, ಅದರೊಳಗಿನ ಉಪ್ಪು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಕನ್ನಡಿಯ ಸಂದು, ಬಾಗಿಲಿನ ಹಿಡಿಕೆ, ಬೈಕಿನ ಪ್ಲಗ್ಗು, ಸ್ವಿಚ್ಚುಗಳಲ್ಲಿ ನಿಂತ ನೀರನ್ನಂತೂ ಬಿಸಿಲು ಮುಟ್ಟುವುದೇ ಇಲ್ಲ. ಹಾಗಾಗಿ ಯಾದಗಿರಿ, ಶಹಾಪುರ, ಸುರಪುರದ ಯಾವ ವಾಟರ್ ಸರ್ವಿಸ್ ಅಂಗಡಿಗೆ ಹೋದರೂ ಮೂಲೆಯಲ್ಲೊಂದು ಏರ್ ಕಂಪ್ರೆಸರ್ ಕಾಣುತ್ತದೆ. ನೀರು ಹೊಡೆದಾದ ಮೇಲೆ ಹುಡುಗ ಗನ್ ಹಿಡಿದು ಹವಾ ಹೊಡೆಯುತ್ತಾನೆ, ಆಮೇಲೆ ಬಟ್ಟೆಯಿಂದ ಒರೆಸುತ್ತಾನೆ.

ದೊಡ್ಡ ನಗರಗಳಲ್ಲಿ ಕಾರು ತಾನೇ ಸಾಗುವ ಸುರಂಗದಂಥ ವಾಶ್ ಕೇಂದ್ರಗಳಿವೆ. ಅಲ್ಲಿ ಒಣಗಿಸುವುದು ಹತ್ತು–ಹದಿನೈದು ಎಚ್‌ಪಿ ಮೋಟರಿನ ದೊಡ್ಡ ಬ್ಲೋವರ್‌ಗಳ ಕೆಲಸ. ನಮ್ಮ ಕಡೆಗೆ ಅವು ಬರುವವರೆಗೆ ಈ ಕಂಪ್ರೆಸರೇ ನಮ್ಮ ಡ್ರೈಯರ್. ಭತ್ತ ಕೊಯ್ಯುವ ಕಾಲಕ್ಕೆ ಕಾಲುವೆ ಸೀಮೆಯಿಂದ ಬರುವ ಹಾರ್ವೆಸ್ಟರು, ಎರೆಮಣ್ಣು ಮೆತ್ತಿಕೊಂಡ ಟ್ರ್ಯಾಕ್ಟರು, ಹತ್ತಿ ಹೇರಿದ ಲಾರಿ, ಮದುವೆಗೆ ಹೊರಟ ಬಾಡಿಗೆ ಕಾರು ಎಲ್ಲಕ್ಕೂ ಅದೇ ಗಾಳಿ.

ಈ ಅಂಗಡಿಗಳಲ್ಲಿ ಜನ ಅಂಜುವುದು ಕರೆಂಟಿಗೆ. ಗಾಳಿಗೆ ಅಂಜುವವರನ್ನು ನಾನಂತೂ ಕಂಡಿಲ್ಲ. ಕಣ್ಣಿಗೆ ಕಾಣದ್ದು, ಪುಕ್ಕಟೆ ಸಿಗುವುದು, ಸೆಕೆಯಾದರೆ ಅಂಗಿಯೊಳಗೆ ಬಿಟ್ಟುಕೊಂಡರೆ ತಂಪೂ ಆಗುವುದು. ಅದಕ್ಕೇಕೆ ಅಂಜಬೇಕು?

2024ರ ಮಾರ್ಚ್ ಕೊನೆಯಲ್ಲಿ ಬೆಂಗಳೂರಿನ ಸಂಪಿಗೆಹಳ್ಳಿ ಪೊಲೀಸ್ ಠಾಣೆ ವ್ಯಾಪ್ತಿಯ ಸರ್ವಿಸ್ ಕೇಂದ್ರವೊಂದರಲ್ಲಿ ನಡೆದದ್ದನ್ನು ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಗೆಳೆಯನನ್ನು ನೋಡಲು ಬಂದಿದ್ದ ಯುವಕನ ಜೊತೆ ಚೇಷ್ಟೆ ನಡೆದಿತ್ತು. ವಾಹನ ಒಣಗಿಸುವ ಗಾಳಿ ಪೈಪನ್ನು ಗೆಳೆಯ ಮೊದಲು ಮುಖಕ್ಕೆ ಹಿಡಿದ, ಆಮೇಲೆ ಹಿಂಬದಿಗೆ ಹಿಡಿದ. ಹೊಟ್ಟೆ ಉಬ್ಬಿ ಕುಸಿದುಬಿದ್ದ ಯುವಕ ಆಸ್ಪತ್ರೆ ಸೇರಿದರೂ ಬದುಕಲಿಲ್ಲ. ಗೆಳೆಯನನ್ನು ಪೊಲೀಸರು ಬಂಧಿಸಿದರು. ಇಬ್ಬರ ನಡುವೆ ಜಗಳವಿರಲಿಲ್ಲ, ದ್ವೇಷವಿರಲಿಲ್ಲ. ಮನುಷ್ಯನ ಕರುಳು ತಡೆಯುವ ಒತ್ತಡವೆಷ್ಟು, ಪೈಪಿನಲ್ಲಿ ಬರುವ ಒತ್ತಡವೆಷ್ಟು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೆ.

ಸರ್ವಿಸ್ ಅಂಗಡಿಯ ಕಂಪ್ರೆಸರ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 8ರಿಂದ 10 ಕೆ.ಜಿ. ಒತ್ತಡಕ್ಕೆ ಗಾಳಿ ತುಂಬುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದ ಪ್ರಕಾರ ಸ್ವಚ್ಛಗೊಳಿಸಲು ಬಳಸುವ ಗಾಳಿಯ ಒತ್ತಡ 30 ಪಿಎಸ್‌ಐಗಿಂತ, ಅಂದರೆ ಸುಮಾರು 2 ಕೆ.ಜಿ.ಗಿಂತ ಕಡಿಮೆ ಇರಬೇಕು. ಜೊತೆಗೆ ಕಣ್ಣಿಗೆ ಕನ್ನಡಕವೂ ಬೇಕು. ಗನ್ನಿನ ತುದಿ ಮೈಗೆ ಒತ್ತಿಕೊಂಡರೂ ಗಾಳಿ ಪಕ್ಕದಿಂದ ಹಾರಿಹೋಗುವಂತೆ ತೂತುಗಳಿರುವ ನಾಝಲ್‌ಗಳು ಸಿಗುತ್ತವೆ. ಒತ್ತಡ ಇಳಿಸುವ ರೆಗ್ಯುಲೇಟರೂ ಸಿಗುತ್ತದೆ. ನಮ್ಮಲ್ಲಿ ಬಹಳ ಕಡೆ ಕಂಪ್ರೆಸರಿನ ಹವಾ ಟಾಕಿಯಲ್ಲಿದ್ದ ಒತ್ತಡವೇ ನೇರ ಗನ್ನಿಗೆ. ಚರ್ಮದ ಗಾಯದ ಮೂಲಕ ಗಾಳಿ ಒಳಹೊಕ್ಕರೆ ಪ್ರಾಣಕ್ಕೇ ಕುತ್ತು. ಹಾರ್ವೆಸ್ಟರಿನ ಹೊಟ್ಟು, ಚಕ್ರದ ಸಂದಿಯ ಕಲ್ಲುಚೂರು ಕಣ್ಣಿಗೆ ಸಿಡಿಯುವುದಂತೂ ದಿನದ ಮಾತು. ಮೈಮೇಲಿನ ಧೂಳು ಹೊಡೆದುಕೊಳ್ಳಲು ಈ ಗನ್ ಬಳಸಬಾರದು ಎಂಬ ಒಂದೇ ನಿಯಮವನ್ನು ಮಾಲೀಕ ಪಟ್ಟುಹಿಡಿದು ಪಾಲಿಸಿದರೂ ಅರ್ಧ ಅಪಾಯ ತಪ್ಪುತ್ತದೆ.

ಉಳಿದರ್ಧ ಟಾಕಿಯೊಳಗಿದೆ.

ಗಾಳಿಯನ್ನು ಒತ್ತಿ ತುಂಬಿದಾಗ ಅದರಲ್ಲಿದ್ದ ತೇವ ನೀರಾಗಿ ಟಾಕಿಯ ತಳಕ್ಕೆ ಇಳಿಯುತ್ತದೆ. ವಾಟರ್ ಸರ್ವಿಸ್ ಅಂಗಡಿಯ ಗಾಳಿಯಲ್ಲಿ ತೇವಕ್ಕೆ ಬರವೇ? ಹೊರಗೆ ನೆಲ ಬಿರುಕು ಬಿಡುತ್ತಿದ್ದರೂ ಶೆಡ್ಡಿನೊಳಗೆ ದಿನವಿಡೀ ಹನಿ ಹಾರುತ್ತಿರುತ್ತದೆ. ತಳದಲ್ಲಿ ನಿಂತ ಈ ನೀರು ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಪೇಂಟು ಹೊಳೆಯುತ್ತಿರುತ್ತದೆ, ಒಳಗೆ ತಗಡು ಹಪ್ಪಳವಾಗಿರುತ್ತದೆ. 200 ಲೀಟರಿನ ಟಾಕಿಯಲ್ಲಿ 10 ಕೆ.ಜಿ. ಒತ್ತಡ ತುಂಬಿದಾಗ ಅದರಲ್ಲಿ ಅಡಗಿರುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಒಂದು ಟನ್ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವಾಗ ಇರುವ ಶಕ್ತಿಗೆ ಹೆಚ್ಚುಕಡಿಮೆ ಸಮನಾಗುತ್ತದೆ. ತಗಡು ಸೋತರೆ ಅದಷ್ಟೂ ಒಂದೇ ಕ್ಷಣಕ್ಕೆ ಹೊರಬೀಳುತ್ತದೆ.

ಇದಕ್ಕೆ ಮದ್ದು ಟಾಕಿಯ ತಳದಲ್ಲೇ ಇದೆ: ಡ್ರೇನ್ ಕಾಕ್. ಸಂಜೆ ಅಂಗಡಿ ಮುಚ್ಚುವಾಗ ಮೋಟರ್ ಆಫ್ ಮಾಡಿ, ಒತ್ತಡ ಇಳಿಸಿ, ಕಾಕ್ ಬಿಚ್ಚಿದರೆ ನೀರು ಹರಿದುಹೋಗುತ್ತದೆ. ಮುಖ ಪಕ್ಕಕ್ಕಿರಬೇಕು, ಕಾಕನ್ನು ನಿಧಾನಕ್ಕೆ ತಿರುವಬೇಕು. ಬರುವ ನೀರು ಕೆಂಪಗಿದ್ದರೆ ಒಳಗೆ ತುಕ್ಕು ಕೆಲಸ ಶುರುಮಾಡಿದೆ ಎಂದು ಅರ್ಥ. ಟಾಕಿಗೆ ಸಣ್ಣ ತೂತು ಬಿದ್ದು ಗಾಳಿ ಸುಯ್ಗುಟ್ಟತೊಡಗಿದಾಗ ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದು ತೇಪೆ ಹಾಕಿಸುವ ರೂಢಿ ನಮ್ಮಲ್ಲಿದೆ. ಇದು ಅತ್ಯಂತ ಕೆಟ್ಟ ಉಳಿತಾಯ. ಒಂದು ಕಡೆ ತೂತು ಬಿದ್ದಿದೆ ಎಂದರೆ ಅದರ ಸುತ್ತಲಿನ ತಗಡೂ ಸವೆದಿದೆ. ವೆಲ್ಡಿಂಗಿನ ಬಿಸಿಗೆ ಅದು ಇನ್ನಷ್ಟು ಸಡಿಲಾಗುತ್ತದೆ. ಅಂಥ ಟಾಕಿಯ ಜಾಗ ಗುಜರಿಯೇ. ಟಾಕಿ ಗಟ್ಟಿಯಿದೆಯೇ ಎಂದು ಪರೀಕ್ಷಿಸುವುದಾದರೂ ಗಾಳಿ ತುಂಬಿ ನೋಡಬಾರದು, ನೀರು ತುಂಬಿ ಒತ್ತಡ ಏರಿಸಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಟಾಕಿ ಬಿರಿದರೂ ಚಿಮ್ಮಿ ನಿಲ್ಲುತ್ತದೆ, ಸಿಡಿಯುವುದಿಲ್ಲ.

ಟಾಕಿಯ ಮೇಲೆ ಹಿತ್ತಾಳೆಯ ಪುಟ್ಟ ಸೇಫ್ಟಿ ವಾಲ್ವ್ ಇರುತ್ತದೆ, ಅದಕ್ಕೊಂದು ಉಂಗುರ. ಒತ್ತಡ ಮಿತಿಗೆ ಬಂದಾಗ ಮೋಟರನ್ನು ನಿಲ್ಲಿಸುವುದು ಪ್ರೆಷರ್ ಸ್ವಿಚ್. ಅದು ಕೈಕೊಟ್ಟರೆ ಉಳಿಯುವ ಕೊನೆಯ ಕಾವಲು ಈ ವಾಲ್ವ್ ಒಂದೇ. ತಿಂಗಳಿಗೊಮ್ಮೆ ಕನ್ನಡಕ ಹಾಕಿಕೊಂಡು ಉಂಗುರ ಎಳೆದು ನೋಡಬೇಕು. ಬುಸ್ಸೆಂದು ಗಾಳಿ ಬಿಟ್ಟು, ಕೈ ತೆಗೆದೊಡನೆ ಮುಚ್ಚಿಕೊಂಡರೆ ಸರಿ. ಧೂಳು, ಎಣ್ಣೆ ಜಿಡ್ಡುಗಟ್ಟಿ ಅಲುಗದಿದ್ದರೆ ಹೊಸದು ಹಾಕಬೇಕು. ಗಾಳಿ ಸೋರುತ್ತದೆಂದು ವಾಲ್ವ್ ತೆಗೆದು ಬೋಲ್ಟ್ ಬಿಗಿದ ಟಾಕಿ ಕಂಡರೆ ಅಲ್ಲಿ ನಿಲ್ಲದೆ ಹೊರಡುವುದು ಒಳ್ಳೆಯದು. ಮೀಟರಿನ ಮುಳ್ಳು ಗಾಳಿ ಪೂರ್ತಿ ಬಿಟ್ಟ ಮೇಲೂ ಸೊನ್ನೆಗೆ ಬರದಿದ್ದರೆ ಅದು ಹೇಳುವ ಯಾವ ಅಂಕಿಯನ್ನೂ ನಂಬಬಾರದು.

ಇನ್ನು ಪೈಪು. ಉಬ್ಬಿದ್ದು, ಸೀಳಿದ್ದು, ಬೈಂಡಿಂಗ್ ತಂತಿ ಸುತ್ತಿದ್ದು ಮೂರೂ ಬೇಡ. ಸರಿಯಾದ ಕ್ಲಿಪ್ ಹಾಕಬೇಕು. ಒತ್ತಡದಲ್ಲಿರುವಾಗ ಕಳಚಿಕೊಂಡ ಪೈಪಿನ ತುದಿ ಚಾಟಿ ಬೀಸಿದಂತೆ ಬಡಿಯುತ್ತದೆ. ಗನ್ ಬದಲಿಸುವ ಮೊದಲು ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗಾಳಿಯನ್ನು ಗನ್ ಒತ್ತಿ ಬಿಟ್ಟುಬಿಡಬೇಕು. ಇನ್ನು ಕಂಪ್ರೆಸರಿನ ಬೆಲ್ಟಿನ ಮೇಲಿನ ಜಾಲರಿಯನ್ನು ರಿಪೇರಿಗೆಂದು ಬಿಚ್ಚಿದವರು ಮತ್ತೆ ಹಾಕುವುದಿಲ್ಲ. ಪ್ರೆಷರ್ ಸ್ವಿಚ್ ಇರುವ ಯಂತ್ರ ಒತ್ತಡ ಇಳಿದೊಡನೆ ಯಾರ ಅಪ್ಪಣೆಗೂ ಕಾಯದೆ ತಾನೇ ಶುರುವಾಗುತ್ತದೆ ಎಂಬುದನ್ನು ನೆನೆದರೆ ಆ ಜಾಲರಿಯ ಬೆಲೆ ತಿಳಿಯುತ್ತದೆ. ಆದ್ದರಿಂದಲೇ ಬೆಲ್ಟ್ ಮುಟ್ಟುವ ಮುನ್ನ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಲೈನ್‌ಮನ್‌ಗಳು ಕಂಬ ಹತ್ತುವ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಬೇರೆಯವರು ಬಂದು ಹಾಕಬಾರದೆಂದು. ಪರದೇಶದ ಕಾರ್ಖಾನೆಗಳಲ್ಲಿ ಬೀಗ ಜಡಿದು ಚೀಟಿ ಕಟ್ಟುವ ನಿಯಮದ ತಿರುಳೂ ಇಷ್ಟೇ. ಸುರಂಗದ ಬ್ಲೋವರಿನ ರೆಕ್ಕೆ ನೋಡುವವರಿಗೂ, ಶಹಾಪುರದ ಹುಡುಗನಿಗೂ ಇದು ಒಂದೇ ಪಾಠ: ಫ್ಯೂಸು ನಿನ್ನ ಜೇಬಿನಲ್ಲಿರಲಿ.

ಕರೆಂಟಿಗೆ ಎಲ್ಲರೂ ಅಂಜುತ್ತಾರೆ ಅಂದೆನಲ್ಲ, ಆದರೂ ಅರ್ಥಿಂಗ್ ವಿಷಯದಲ್ಲಿ ನಮ್ಮ ನೆಲದ್ದೇ ಒಂದು ತಕರಾರಿದೆ. ಸುರಪುರದ ಗುಡ್ಡದ ಮಗ್ಗುಲಲ್ಲಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಬುಡದಲ್ಲಿ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ. ಬಂಡೆಯೊಳಗೆ ಕರೆಂಟು ಸುಲಭಕ್ಕೆ ಇಳಿಯದು. ಎರೆ ನೆಲ ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕುಗ್ಗಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಶ್ರಾವಣದಲ್ಲಿ ಅಳೆದು ಸರಿಯಿದೆ ಎಂದ ಅರ್ಥಿಂಗ್ ಮೇ ತಿಂಗಳಲ್ಲಿ ಹೆಸರಿಗಷ್ಟೇ ಇರಬಹುದು. ಆದ್ದರಿಂದ ಅಳೆಸುವುದಾದರೆ ಬೇಸಿಗೆಯಲ್ಲೇ ಅಳೆಸಬೇಕು. ಗುಂಡಿಗೆ ಇದ್ದಲು, ಉಪ್ಪು ಹಾಕಿ ನೀರುಣಿಸುತ್ತಿರಬೇಕು. ಅಂಗಳಕ್ಕೆಲ್ಲ ಸುರಿಯುವ ನೀರಿನಲ್ಲಿ ಅದಕ್ಕೊಂದು ಬಕೆಟ್ ಭಾರವಲ್ಲ. ಇದರ ಮೇಲೆ 30 ಮಿಲಿ ಆಂಪಿಯರ್ ಕರೆಂಟ್ ಸೋರಿದರೂ ಲೈನ್ ಕಟ್ ಮಾಡುವ ಆರ್‌ಸಿಸಿಬಿ ಬೇಕೇ ಬೇಕು. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿದಾಗ ಬೀಳದಿದ್ದರೆ ಗೋಡೆಯ ಮೇಲಿರುವುದು ಬರೀ ಪ್ಲಾಸ್ಟಿಕ್ ಡಬ್ಬಿ. ಕೈಯಲ್ಲಿ ಹಿಡಿಯುವ ಸಣ್ಣ ಕರೆಂಟ್ ಬ್ಲೋವರನ್ನು ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಬಳಸುವವರಿಗಂತೂ ಇದು ಜೀವದ ಪ್ರಶ್ನೆ.

ಇದನ್ನೆಲ್ಲ ನೋಡಲು ಸರ್ಕಾರದವರು ಬರುವುದಿಲ್ಲವೇ? 1948ರ ಕಾರ್ಖಾನೆಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ತೊಳೆಯುವ, ಸ್ವಚ್ಛಗೊಳಿಸುವ ಕೆಲಸವೂ ಇತ್ತು. ಒತ್ತಡದ ಯಂತ್ರ ಸುರಕ್ಷಿತ ಮಿತಿ ಮೀರದಂತೆ ನೋಡಿಕೊಳ್ಳಬೇಕೆಂದು ಅದರ 31ನೇ ಕಲಂ ಹೇಳುತ್ತಿತ್ತು. ಅಂಥ ಟಾಕಿಗಳನ್ನು ಆರು ತಿಂಗಳಿಗೊಮ್ಮೆ ಹೊರಗಿನಿಂದ, ವರ್ಷಕ್ಕೊಮ್ಮೆ ಒಳಗಿನಿಂದ ತಪಾಸಣೆ ಮಾಡಿಸುವುದು ಕಾರ್ಖಾನೆಗಳ ಪದ್ಧತಿ. ಆದರೆ ಕರೆಂಟ್ ಬಳಸುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿದೆ. ಮಾಲೀಕ ಮತ್ತು ಇಬ್ಬರು ಹುಡುಗರಿರುವ ನಮ್ಮ ವಾಟರ್ ಸರ್ವಿಸ್ ಹಿಂದೆಯೂ ಲೆಕ್ಕಕ್ಕಿರಲಿಲ್ಲ, ಈಗಂತೂ ಇಲ್ಲ. ಟಾಕಿಗೆ ಮಾತ್ರ ಜನಗಣತಿ ಗೊತ್ತಿಲ್ಲ. ಮೂರು ಜನರಿದ್ದಲ್ಲೂ ಅಷ್ಟೇ ಒತ್ತಡದಲ್ಲಿ ನಿಂತಿರುತ್ತದೆ.

“ಇಷ್ಟ್ ವರ್ಷ ಏನೂ ಆಗಿಲ್ರಿ” ಎನ್ನುವುದು ಇಲ್ಲಿ ಸಿಗುವ ಸಾಮಾನ್ಯ ಉತ್ತರ. ತುಕ್ಕಿನ ಸ್ವಭಾವವೇ ಅಂಥದ್ದು, ಆಗುವ ದಿನದವರೆಗೆ ಏನೂ ಆಗುವುದಿಲ್ಲ. ಖಂಡೇನವಮಿಯಂದು ಈ ಕಂಪ್ರೆಸರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ ಎಲ್ಲವೂ ಸಲ್ಲುತ್ತವೆ. ಅಂದು ಯಂತ್ರ ಹೇಗೂ ನಿಂತಿರುತ್ತದೆ. ಹಾರ ಹಾಕುವ ಮುನ್ನ ಟಾಕಿಯನ್ನು ಖಾಲಿ ಮಾಡಿ, ಬಲ್ಲವರಿಂದ ತಗಡಿನ ದಪ್ಪ ಅಳೆಸಿ, ಪೈಪು, ಬೆಲ್ಟು, ವೈರು ನೋಡಿಸಿ, ದಿನಾಂಕವನ್ನು ಟಾಕಿಯ ಮೇಲೆ ಪೇಂಟಿನಲ್ಲಿ ಬರೆದಿಟ್ಟರೆ ವರ್ಷದ ತಪಾಸಣೆಗೆ ಬೇರೆ ಮುಹೂರ್ತ ಹುಡುಕಬೇಕಿಲ್ಲ. ಗಾಡಿ ತೊಳೆಸಲು ಹೋದ ನಾವೂ ಆ ದಿನಾಂಕ ಎಲ್ಲಿದೆ ಎಂದು ಕೇಳಬಹುದು. ನಾಲ್ಕು ಗಿರಾಕಿ ಕೇಳಿದರೆ ಐದನೆಯವರಿಗೆ ಅದು ಕಾಣಸಿಗುತ್ತದೆ. ಸಣ್ಣ ಕಂಪ್ರೆಸರಿನ ಹೊಸ ಸೇಫ್ಟಿ ವಾಲ್ವ್‌ಗೆ ಬೀಳುವುದು ಕೆಲವು ನೂರು ರೂಪಾಯಿ. ಡ್ರೇನ್ ಕಾಕ್ ಬಿಚ್ಚಲು ಅದೂ ಬೇಡ.