ಬೇಸಿಗೆಯ ಬಟ್ಟೆ, ಮನೆಯ ಹೊಲಿಗೆ ಮತ್ತು ವರ್ತಕರ ಲೆಕ್ಕ

ಶಿವರಾತ್ರಿಗೆ ಚಳಿಯು ‘ಶಿವಶಿವಾ’ ಎಂದು ಹೊರಟುಹೋಗುತ್ತದೆ ಎಂಬುದು ನಾಡಿನ ರೂಢಿಯ ಮಾತು. ಅಲ್ಲಿಂದ ಮುಂಗಾರು ಕಾಲಿಡುವವರೆಗೆ ಕಲಬುರಗಿ, ರಾಯಚೂರು, ಬಳ್ಳಾರಿ, ವಿಜಯಪುರಗಳ ಬಟ್ಟೆ ಅಂಗಡಿಗಳಲ್ಲಿ ಮಲ್ಮಲ್, ಕೇಂಬ್ರಿಕ್, ಪಾಪ್ಲಿನ್‌ಗಳಿಗೇ ಬೇಡಿಕೆ. ಇದಕ್ಕೆ ವೈಜ್ಞಾನಿಕ ಕಾರಣವೂ ಇದೆ. ಪ್ರಮಾಣಿತ ವಾತಾವರಣದಲ್ಲಿ ಹತ್ತಿಯ ನಾರು ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ. ಬೆವರನ್ನು ಹೀರುವ ಬಟ್ಟೆ ಯಾವುದು, ಮೈಗೆ ಅಂಟುವ ಬಟ್ಟೆ ಯಾವುದು ಎಂಬುದನ್ನು ಗೃಹಿಣಿಯರು ಈ ಅಂಕಿಗಳ ನೆರವಿಲ್ಲದೆಯೇ ಬಲ್ಲರು.

ಇದೇ ಕಾಲದಲ್ಲಿ ಮನೆಗಳ ಮೂಲೆಯಲ್ಲಿ ಮುಸುಕು ಹೊದ್ದು ಕುಳಿತಿದ್ದ ಹೊಲಿಗೆ ಯಂತ್ರಗಳು ಹೊರಬರುತ್ತವೆ. ಶಾಲೆಗೆ ರಜೆ, ಹಗಲು ದೀರ್ಘ, ಮಧ್ಯಾಹ್ನ ಹೊರಗೆ ಹೋಗುವಂತಿಲ್ಲ. ನೈಟಿ, ಮಕ್ಕಳ ಫ್ರಾಕು, ತೋಳಿಲ್ಲದ ಅಂಗಿ, ಲಂಗ ಮೊದಲಾದವು ಮನೆಯಲ್ಲಿಯೇ ಸಿದ್ಧವಾಗುತ್ತವೆ. ಇದನ್ನು ಹವ್ಯಾಸವೆಂದು ಕರೆದು ಸುಮ್ಮನಾಗುವುದು ವಾಡಿಕೆ. ಆದರೆ ಬಂಡವಾಳ, ಕಚ್ಚಾಮಾಲು, ಶ್ರಮ, ಸವಕಳಿ, ಹಾಳಾಗುವ ಮಾಲು ಎಲ್ಲವೂ ಇರುವ ಕೆಲಸವನ್ನು ಲೆಕ್ಕದ ದೃಷ್ಟಿಯಿಂದ ಉತ್ಪಾದನೆ ಎಂದೇ ಕರೆಯಬೇಕಾಗುತ್ತದೆ. ಈ ಪುಟ್ಟ ಉತ್ಪಾದನಾ ಘಟಕದ ಲೆಕ್ಕವನ್ನು ಸರಿಯಾಗಿ ಅರಿತರೆ ಗೃಹಿಣಿಗೆ ಎಷ್ಟು ಪ್ರಯೋಜನವೋ, ಬಟ್ಟೆ ವರ್ತಕರಿಗೂ ಸಿದ್ಧ ಉಡುಪು ತಯಾರಕರಿಗೂ ಅಷ್ಟೇ ಪ್ರಯೋಜನವಿದೆ.

ಕಂತಿನಲ್ಲಿ ಬಂದ ಯಂತ್ರ

ಐಸಾಕ್ ಸಿಂಗರ್ ಅಮೆರಿಕದಲ್ಲಿ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರ ಚೆನ್ನಾಗಿತ್ತು, ಆದರೆ ಸಾಮಾನ್ಯ ಕುಟುಂಬ ಒಮ್ಮೆಲೇ ಹಣ ತೆತ್ತು ಕೊಳ್ಳುವ ಬೆಲೆಯದಾಗಿರಲಿಲ್ಲ. 1856ರಲ್ಲಿ ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಕಂತಿನ ಮಾರಾಟವನ್ನು ಜಾರಿಗೆ ತಂದ ನಂತರವೇ ಯಂತ್ರವು ಕಾರ್ಖಾನೆಯ ಅಂಗಳವನ್ನು ದಾಟಿ ಮನೆಯೊಳಗೆ ಬಂದಿತು. ಯಂತ್ರೋದ್ಯಮದ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರೂ 1924ರಲ್ಲಿ ಹೊಲಿಗೆ ಯಂತ್ರವನ್ನು ತಮ್ಮ ಆಕ್ಷೇಪದಿಂದ ಹೊರಗಿಟ್ಟರು. ಮನುಷ್ಯನ ಕೈಯಿಂದ ಕೆಲಸವನ್ನು ಕಸಿದುಕೊಳ್ಳದೆ ಆ ಕೈಯ ಶ್ರಮವನ್ನು ಹಗುರಗೊಳಿಸುವ ಯಂತ್ರ ಇದು ಎಂಬುದು ಅವರ ನಿಲುವಾಗಿತ್ತು.

ಕಂತಿನಲ್ಲಿ ಕೊಂಡ ಯಂತ್ರಕ್ಕೂ ನಗದಿನಲ್ಲಿ ಕೊಂಡ ಯಂತ್ರಕ್ಕೂ ಒಂದೇ ನಿಯಮ ಅನ್ವಯಿಸುತ್ತದೆ: ದುಡಿಯದ ಯಂತ್ರವೇ ಅತ್ಯಂತ ದುಬಾರಿ ಯಂತ್ರ. ಇದನ್ನು ಅಂಕಿಗಳಿಂದ ನೋಡುವುದು ಒಳ್ಳೆಯದು.

ಒಂದು ನೈಟಿಯ ಜಮಾ-ಖರ್ಚು

ಮುಂದಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಊರು ಮತ್ತು ಅಂಗಡಿಗೆ ತಕ್ಕಂತೆ ಇವು ಬದಲಾಗುತ್ತವೆ. ಮೀಟರಿಗೆ 110 ರೂಪಾಯಿಯ ಹತ್ತಿ ಬಟ್ಟೆ 3 ಮೀಟರ್, ಅಂದರೆ 330 ರೂಪಾಯಿ. ದಾರ, ಗುಂಡಿ, ಲೇಸು, ವಿದ್ಯುತ್ತು ಎಲ್ಲ ಸೇರಿ 30 ರೂಪಾಯಿ. ಒಟ್ಟು 360. ಅದೇ ಗುಣಮಟ್ಟದ ಸಿದ್ಧ ನೈಟಿ 550 ರೂಪಾಯಿಗೆ ದೊರೆಯುತ್ತದೆ ಎಂದುಕೊಂಡರೆ ಮೇಲ್ನೋಟಕ್ಕೆ ಉಳಿತಾಯ 190 ರೂಪಾಯಿ. ಬಹುತೇಕ ಮನೆಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಈಗ ಯಂತ್ರದ ಬಾಬತ್ತು. 9,000 ರೂಪಾಯಿಯ ಯಂತ್ರ ಹತ್ತು ವರ್ಷ ಬಾಳಿದರೆ ವರ್ಷಕ್ಕೆ 900 ರೂಪಾಯಿ ಸವಕಳಿ. ವರ್ಷಕ್ಕೆ 12 ಉಡುಪು ಹೊಲಿದರೆ ಒಂದೊಂದರ ಮೇಲೆ 75 ರೂಪಾಯಿ ಬೀಳುತ್ತದೆ. 60 ಹೊಲಿದರೆ 15 ರೂಪಾಯಿ ಮಾತ್ರ. ಮೊದಲನೆಯವರ ನಿಜವಾದ ಉಳಿತಾಯ 115 ರೂಪಾಯಿ, ಎರಡನೆಯವರದು 175 ರೂಪಾಯಿ.

ಇದಕ್ಕಿಂತಲೂ ದೊಡ್ಡ ಬಾಬತ್ತು ಹಾಳಾದ ಬಟ್ಟೆಯದು. ಕಲಿಕೆಯ ಹಂತದಲ್ಲಿ ಐದು ಉಡುಪು ಕತ್ತರಿಸಿದಾಗ ಒಂದು ಕೆಡುವುದು ಅಸಂಭವವಲ್ಲ. ಐದರ ಖರ್ಚಾದ 1,800 ರೂಪಾಯಿಯನ್ನು ಉಳಿದ ನಾಲ್ಕು ಹೊರಬೇಕು. ಒಂದಕ್ಕೆ 450 ಆಯಿತು. ವರ್ಷಕ್ಕೆ 12 ಉಡುಪಿನ ಸವಕಳಿ 75 ಸೇರಿದರೆ 525. ಉಳಿದದ್ದು 25 ರೂಪಾಯಿ. ಒಂದು ನೈಟಿಗೆ ಎರಡೂವರೆ ಗಂಟೆ ಹಿಡಿದರೆ ಗಂಟೆಗೆ 10 ರೂಪಾಯಿಯ ಗಳಿಕೆ! ಬಟ್ಟೆ ಕೆಡಿಸದೆ ವರ್ಷಕ್ಕೆ 60 ಹೊಲಿಯುವವರ ಗಳಿಕೆ ಅದೇ ಎರಡೂವರೆ ಗಂಟೆಗೆ 175, ಅಂದರೆ ಗಂಟೆಗೆ 70 ರೂಪಾಯಿ. ಯಂತ್ರ ಒಂದೇ, ಬಟ್ಟೆ ಒಂದೇ. ವ್ಯತ್ಯಾಸವಿರುವುದು ಬಳಕೆಯಲ್ಲಿ ಮತ್ತು ಕತ್ತರಿಯ ಎಚ್ಚರದಲ್ಲಿ.

ನಷ್ಟ ತಪ್ಪಿಸುವ ಕ್ರಮಗಳು

ಹಾಗಾದರೆ ಹಾಳಾಗುವುದನ್ನು ತಡೆಯುವುದು ಹೇಗೆ? ಅನುಭವಿ ದರ್ಜಿಗಳು ಪಾಲಿಸುವ ಕ್ರಮಗಳು ಸರಳವಾದವು. ಮೊದಲನೆಯದು, ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡುವುದು. ಬಟ್ಟೆ ಶೇ. 5ರಷ್ಟು ಕುಗ್ಗುವಂಥದ್ದಾದರೆ 3 ಮೀಟರಿನಲ್ಲಿ 15 ಸೆಂಟಿಮೀಟರ್ ಹೋಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಇಡೀ ಉಡುಪೇ ನಷ್ಟ. ಮೊದಲೇ ಕುಗ್ಗಿಸಿದರೆ ನಷ್ಟ 15 ಸೆಂಟಿಮೀಟರಿಗೆ ಸೀಮಿತ. ಎರಡನೆಯದು, ನೂಲಿನ ನೇರಕ್ಕೇ ಬಟ್ಟೆಯನ್ನು ಹಾಸಿ ಗುರುತು ಹಾಕುವುದು. ಓರೆಯಾಗಿ ಕತ್ತರಿಸಿದ ಉಡುಪು ಒಗೆದೊಡನೆ ತಿರುಚಿಕೊಳ್ಳುತ್ತದೆ. ಮೂರನೆಯದು, ಚೆನ್ನಾಗಿ ಒಪ್ಪುವ ಹಳೆಯ ಉಡುಪೊಂದನ್ನು ಅಳತೆಗೆ ಇಟ್ಟುಕೊಂಡು, ಅದರಂತೆ ಹಳೆಯ ಪತ್ರಿಕೆಯ ಹಾಳೆಯಲ್ಲಿ ಮೊದಲು ಕತ್ತರಿಸಿ ನೋಡುವುದು. ನಾಲ್ಕನೆಯದು, ಮಲ್ಮಲ್‌ನಂಥ ತೆಳು ಬಟ್ಟೆಗೆ 11ನೆಯ ನಂಬರಿನ ಸೂಜಿ, ಸಾಧಾರಣ ದಪ್ಪದ ಬಟ್ಟೆಗೆ 14ನೆಯ ನಂಬರಿನ ಸೂಜಿ ಬಳಸುವುದು. ದಪ್ಪ ಸೂಜಿಯಿಂದ ತೆಳು ಬಟ್ಟೆಯಲ್ಲಿ ತೂತು ಉಳಿಯುತ್ತದೆ.

ಬೀರುವಿನಲ್ಲಿರುವ ಬಂಡವಾಳ

ಹೊಸದನ್ನು ಹೊಲಿಯುವುದಕ್ಕಿಂತಲೂ ಹೆಚ್ಚಿನ ಆದಾಯ ತರುವುದು ಇರುವುದನ್ನು ತಿದ್ದುವ ಕೆಲಸ. ಇಲ್ಲಿ ಬಟ್ಟೆಯ ಖರ್ಚೇ ಇಲ್ಲ. ಪೂರ್ಣ ತೋಳಿನ ಹತ್ತಿ ಅಂಗಿಯನ್ನು ಬೇಸಿಗೆಗೆಂದು ಅರ್ಧ ತೋಳಿನದಾಗಿ ಮಾಡಬಹುದು. ಕತ್ತರಿಸಿದ ತುಂಡಿನಿಂದ ಜೇಬು ಮಾಡಬಹುದು. ಅಂಚು ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ ಮರಳಿ ಹೊಲಿದರೆ ಅಂಗಿ ಇನ್ನೆರಡು ಬೇಸಿಗೆ ಬಾಳುತ್ತದೆ. ಮೆತ್ತಗಾದ ಹತ್ತಿ ಸೀರೆಯಿಂದ ಮಕ್ಕಳ ಫ್ರಾಕು, ಲಂಗ, ದಿಂಬಿನ ಚೀಲ ಆಗುತ್ತವೆ. ಹಲವಾರು ಬಾರಿ ಒಗೆದ ಬಟ್ಟೆ ಮತ್ತೆ ಕುಗ್ಗುವ ಭಯವೂ ಇಲ್ಲ. ಉತ್ತರ ಕರ್ನಾಟಕದ ಕೌದಿ ಇದೇ ಲೆಕ್ಕದ ಹಳೆಯ ರೂಪ. ಉಡಲು ಬಾರದ ಸೀರೆ, ಧೋತರಗಳ ತುಂಡುಗಳೂ ಅಲ್ಲಿ ಹೊದಿಕೆಯಾಗಿ ಬೆಲೆ ಪಡೆಯುತ್ತವೆ.

ಮುಕ್ಕಾಲು ಗಂಟೆಯ ಕೆಲಸ ಮತ್ತು ಹತ್ತು ರೂಪಾಯಿಯ ದಾರದಿಂದ 400 ರೂಪಾಯಿಯ ಹೊಸ ಅಂಗಿಯ ಖರೀದಿ ಒಂದು ವರ್ಷ ಮುಂದಕ್ಕೆ ಹೋದರೆ, ಅದಕ್ಕೆ ಸರಿಸಾಟಿಯಾದ ಗಳಿಕೆ ಹೊಸ ಹೊಲಿಗೆಯಲ್ಲಿ ಸಿಗುವುದಿಲ್ಲ. ದರ್ಜಿಯ ಅಂಗಡಿಯಲ್ಲಿ ಇಂಥ ಕೆಲಸಕ್ಕೆ ಉತ್ಸಾಹ ಕಡಿಮೆ. ಹಳೆಯ ಹೊಲಿಗೆ ಬಿಚ್ಚಲು ಹೊಸದಕ್ಕೆ ಬೇಕಾದಷ್ಟೇ ಸಮಯ ಹಿಡಿಯುತ್ತದೆ, ಗಿರಾಕಿ ಕೊಡುವ ಕೂಲಿ ಮಾತ್ರ ಚಿಲ್ಲರೆ. ಅಂಗಡಿಗೆ ಗಿಟ್ಟದ ಕೆಲಸ ಮನೆಗೆ ಗಿಟ್ಟುತ್ತದೆ, ಏಕೆಂದರೆ ಮನೆಯಲ್ಲಿ ಬಾಡಿಗೆಯಿಲ್ಲ ಮತ್ತು ಬಿಡುವಿನ ಹೊತ್ತಿಗೆ ಬೇರೆ ಗಿರಾಕಿ ಕಾದಿರುವುದಿಲ್ಲ.

ಕೂಲಿ ಬರೆಯದ ಕಿರ್ದಿ

ಸ್ವಂತ ಬಳಕೆಗೆ ಹೊಲಿಯುವವರು ತಮ್ಮ ಶ್ರಮಕ್ಕೆ ಬೆಲೆ ಕಟ್ಟದಿದ್ದರೂ ನಡೆಯುತ್ತದೆ. ಆದರೆ ಅದೇ ಯಂತ್ರದಿಂದ ಇತರರಿಗೆ ಹೊಲಿಯಲು ಆರಂಭಿಸಿದ ದಿನದಿಂದ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಬಹಳಷ್ಟು ಹೆಣ್ಣುಮಕ್ಕಳು ಎಡವುವುದು ಇಲ್ಲಿಯೇ.

ಅಂಗಡಿಯವರು ಬಟ್ಟೆ ಕೊಟ್ಟು, ನೈಟಿಯೊಂದಕ್ಕೆ 45 ರೂಪಾಯಿ ಕೂಲಿ ಗೊತ್ತುಮಾಡಿದರೆಂದು ಭಾವಿಸೋಣ. ಕೈ ಪಳಗಿದವರು ಗಂಟೆಗೊಂದು ಹೊಲಿಯಬಲ್ಲರು. ದಾರಕ್ಕೆ 8, ಹೊರಗೆ ಓವರ್‌ಲಾಕ್ ಮಾಡಿಸಲು 7, ಯಂತ್ರದ ಸವಕಳಿ, ಸೂಜಿ ಮತ್ತು ವಿದ್ಯುತ್ತಿಗೆ 5, ಇಪ್ಪತ್ತು ನೈಟಿಗಳ ಗಂಟನ್ನು ಆಟೋದಲ್ಲಿ ತಲುಪಿಸಲು ಒಂದಕ್ಕೆ 3. ಒಟ್ಟು 23 ರೂಪಾಯಿ ಖರ್ಚು, ಕೈಗೆ ಉಳಿಯುವುದು 22. ಎಂಟು ಗಂಟೆ ಎಡೆಬಿಡದೆ ದುಡಿದರೆ 176 ರೂಪಾಯಿ. 2025-26ರಲ್ಲಿ ಕರ್ನಾಟಕದಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಕೌಶಲವಿಲ್ಲದ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕೂಲಿಯ ಅರ್ಧವೂ ಕುಶಲ ಕೈಗಳಿಗೆ ದಕ್ಕಲಿಲ್ಲ. ಆದರೂ ತಿಂಗಳ ಕೊನೆಗೆ ಸಾವಿರಾರು ರೂಪಾಯಿ ಒಟ್ಟಿಗೆ ಕೈಗೆ ಬಂದಾಗ ಅದು ಲಾಭವೆಂದೇ ಕಾಣುತ್ತದೆ. ಖರ್ಚು ಐದು ಹತ್ತರಂತೆ ಮನೆಯ ಹಣದಲ್ಲಿ ಕರಗಿಹೋಗಿರುತ್ತದೆ. ಅದನ್ನು ಬರೆದಿಟ್ಟ ಕಿರ್ದಿ ಇರುವುದಿಲ್ಲ.

ಇದಕ್ಕೆ ಪರಿಹಾರ ಎರಡು ರೂಪಾಯಿಯ ಪೆನ್ನು ಮತ್ತು ಒಂದು ನೋಟುಪುಸ್ತಕ. ತೆಗೆದುಕೊಂಡ ಮಾಲು, ಹಿಡಿದ ಸಮಯ, ಮಾಡಿದ ಖರ್ಚು, ಬಂದ ಹಣ ಎಂಬ ನಾಲ್ಕು ಕಾಲಮುಗಳು ಸಾಕು. ವ್ಯವಹಾರದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರುವುದು ಅಗತ್ಯ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ, ಮನೆಯ ಹಣವನ್ನೂ ವ್ಯಾಪಾರದ ಹಣವನ್ನೂ ಒಂದೇ ಖಾತೆಯಲ್ಲಿ ಬೆರೆಸುವುದರ ಅಪಾಯ ಎಲ್ಲರಿಗೂ ಮನವರಿಕೆಯಾಯಿತು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆಯನ್ನೂ ನೀಡುವವರಿಗೆ 20 ಲಕ್ಷ ರೂಪಾಯಿ ಮೀರಿದಾಗ ಜಿಎಸ್‌ಟಿ ನೋಂದಣಿ ಕಡ್ಡಾಯ. ಮನೆಯ ಹೊಲಿಗೆಯವರು ಈ ಮಿತಿಯಿಂದ ಬಹುದೂರವಿದ್ದರೂ, ಅದನ್ನು ತೋರಿಸಿಕೊಡಲು ಲೆಕ್ಕವೊಂದು ಕೈಯಲ್ಲಿರಬೇಕು.

ತೆರಿಗೆಯ ಬದಲಾವಣೆ

2025ರ ಸೆಪ್ಟೆಂಬರ್ 22ರಿಂದ ಹೊಲಿಗೆ ಯಂತ್ರದ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅಂದಿನಿಂದಲೇ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕೆ ಮೇಲ್ಪಟ್ಟ ಉಡುಪಿಗೆ ಶೇ. 18ರ ದರ ಜಾರಿಗೆ ಬಂದಿತು. ಹತ್ತಿಯ ಥಾನು ಬಟ್ಟೆಗೆ ಮೊದಲಿನಂತೆ ಶೇ. 5. ಸಾಮಾನ್ಯ ಉಡುಪಿಗೂ ಬಟ್ಟೆಗೂ ದರ ಒಂದೇ ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸಿದ್ಧ ಉಡುಪು ಕೊಂಡವರು ಬಟ್ಟೆ, ಕೂಲಿ, ಲಾಭ ಮೂರರ ಮೇಲೂ ತೆರಿಗೆ ತೆರುತ್ತಾರೆ. ಮನೆಯಲ್ಲಿ ಹೊಲಿದುಕೊಂಡವರು ತೆರುವುದು ಬಟ್ಟೆ ಮತ್ತು ಬಿಡಿ ಸಾಮಾನುಗಳ ಮೇಲೆ ಮಾತ್ರ.

ವರ್ತಕರ ಹಾಗೂ ತಯಾರಕರ ಪಾಲು

ಸಿದ್ಧ ಉಡುಪಿನ ಪೈಪೋಟಿಯಲ್ಲಿ ಥಾನು ಬಟ್ಟೆಯ ಅಂಗಡಿಗಳು ಸೊರಗಿವೆ ಎಂಬ ದೂರು ಹಳೆಯದು. ಮನೆಯಲ್ಲಿ ಹೊಲಿಯುವ ಗ್ರಾಹಕರೇ ಅಂಥ ಅಂಗಡಿಗಳ ಗಟ್ಟಿ ಆಸರೆ. ಒಂದು ಬಟ್ಟೆ ಕೆಟ್ಟರೆ ಅವರು ಅಂಗಡಿಯನ್ನು ಶಪಿಸಿ ಯಂತ್ರಕ್ಕೆ ಮುಸುಕು ಹಾಕುತ್ತಾರೆ. ಚೆನ್ನಾಗಿ ಬಂದರೆ ಮತ್ತೆ ಮೂರು ಮೀಟರಿಗೆ ಬರುತ್ತಾರೆ. ಆದ್ದರಿಂದ ಬಟ್ಟೆಯ ಅಗಲ 36 ಇಂಚೋ 44 ಇಂಚೋ, ಅದು ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದೆಯೇ ಎಂಬುದನ್ನು ಮಾರುವಾಗಲೇ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ವ್ಯಾಪಾರವೂ ಹೌದು. ಅದೇ ಬಣ್ಣದ ದಾರ, ಸರಿಯಾದ ಸೂಜಿ, ಗುಂಡಿಗಳನ್ನು ಜೊತೆಗೇ ಇಟ್ಟರೆ ಬಿಲ್ಲಿನ ಮೊತ್ತವೂ ಏರುತ್ತದೆ. ಮೀಟರಿಗಿಂತ ಕಡಿಮೆ ಉಳಿದ ತುಂಡುಗಳನ್ನು ದಾಸ್ತಾನಿನಲ್ಲಿ ಕೊಳೆಯಲು ಬಿಡದೆ, ಮಕ್ಕಳ ಉಡುಪಿಗೆಂದು ಬೇಸಿಗೆ ರಜೆಗೆ ಮುನ್ನ ವಿಂಗಡಿಸಿಟ್ಟರೆ ಅವೂ ಹಣವಾಗುತ್ತವೆ.

ಸಣ್ಣ ಉಡುಪು ತಯಾರಕರು ಯೋಚಿಸಬೇಕಾದ ಅಂಶ ಮತ್ತೊಂದಿದೆ. ಹಿಂದಿನ ದರ್ಜಿಗಳು ಹೊಲಿಗೆಯ ಒಳಗೆ ಮಾರ್ಜಿನ್ ಬಿಡುತ್ತಿದ್ದರು. ಮಗು ಬೆಳೆದಂತೆ ಬಿಚ್ಚಿ ದೊಡ್ಡದು ಮಾಡಬಹುದಿತ್ತು. ಬಟ್ಟೆ ಉಳಿಸುವ ಸಲುವಾಗಿ ಅಂಚಿಗೇ ಓವರ್‌ಲಾಕ್ ಹೊಡೆದ ಉಡುಪನ್ನು ಚಿಕ್ಕದು ಮಾಡಬಹುದೇ ಹೊರತು ದೊಡ್ಡದು ಮಾಡಲಾಗದು. ಶಾಲಾ ಸಮವಸ್ತ್ರ, ಮಕ್ಕಳ ಉಡುಪುಗಳಲ್ಲಿ ಬದಿಗೂ ಕೆಳ ಅಂಚಿಗೂ ಒಂದಿಷ್ಟು ಬಟ್ಟೆ ಬಿಟ್ಟು, ಆ ಮಾತನ್ನು ಚೀಟಿಯಲ್ಲಿ ನಮೂದಿಸಿದರೆ ತಾಯಂದಿರು ಹತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಲಾರರು.

ಮನೆಗಳಿಗೆ ಹೊಲಿಗೆ ಕೊಡುವ ವರ್ತಕರ ಹೊಣೆ ಇನ್ನೂ ದೊಡ್ಡದು. ಆಧಾರ್ ಮೂಲಕ ಉಚಿತವಾಗಿ ಉದ್ಯಮ್ ನೋಂದಣಿ ಪಡೆದ ಹೊಲಿಗೆ ಘಟಕಕ್ಕೆ, ಅದು ಮನೆಯ ಪಡಸಾಲೆಯಲ್ಲಿದ್ದರೂ, 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ರಕ್ಷಣೆಯಿದೆ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆ ತಂದ ನಿಯಮದಂತೆ, ಅವಧಿ ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಗೆ ಖರ್ಚೆಂದು ತೋರಿಸಬಹುದು. ಇನ್ನು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ತರಬೇತಿ, 15,000 ರೂಪಾಯಿವರೆಗಿನ ಉಪಕರಣ ನೆರವು, ಶೇ. 5ರ ಬಡ್ಡಿಯ ಸಾಲ ಅದರಲ್ಲಿವೆ. ಇದನ್ನು ತಮಗೆ ಹೊಲಿದುಕೊಡುವವರಿಗೆ ತಿಳಿಸಲು ವರ್ತಕರಿಗೆ ಯಾವ ಖರ್ಚೂ ಇಲ್ಲ.

ನೈಟಿಯೊಂದಕ್ಕೆ 45ರ ಬದಲು 60 ರೂಪಾಯಿ ಕೂಲಿ ಕೊಟ್ಟು, 550ರ ಮಾಲನ್ನು 565ಕ್ಕೆ ಮಾರಿದರೆ ಗಿರಾಕಿಗೆ ಅದು ಶೇ. 3ಕ್ಕೂ ಕಡಿಮೆ ಹೊರೆ. ಹೊಲಿದವರ ಗಂಟೆಯ ಗಳಿಕೆ ಮಾತ್ರ 22ರಿಂದ 37ಕ್ಕೆ ಏರುತ್ತದೆ. ಈ ಬೇಸಿಗೆಯ ಮಾಲಿಗೆ ದರ ಗೊತ್ತುಮಾಡುವ ಮುನ್ನ ವರ್ತಕರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಲೇಸು. ಕೂಲಿ ಗಿಟ್ಟದ ಕೈಗಳು ಒಂದೆರಡು ಹಂಗಾಮಿನಲ್ಲಿ ಯಂತ್ರಕ್ಕೆ ಮುಸುಕು ಹಾಕುತ್ತವೆ. ಅನಂತರ ಥಾನು ಎಷ್ಟೇ ಇದ್ದರೂ ಅದನ್ನು ಉಡುಪಾಗಿಸುವವರು ಸಿಗುವುದಿಲ್ಲ.